ಕುಂಬಾ ಸಾಯುವುದು ಹನ್ನೊಂದು ನಲವತ್ತಕ್ಕೆ

ಒಂಬತ್ತಕ್ಕೆ ಶುರು ಅಂತ ಕಾಗದದಲ್ಲಿತ್ತು.
ಒಂಬತ್ತೂವರೆಗೆ ದೋಣಿ ಬಂತು, ಮಕೋನಾ ಹೊಳೆಯ ಆಚೆ ದಡದಿಂದ:
ಒಂದು ಆಡು, ಎರಡು ಡಬ್ಬ ತಾಳೆಎಣ್ಣೆ,
ಮತ್ತು ನಮ್ಮ ರೋಗಿ.

ರೋಗಿಯ ಹೆಸರು ಕುಂಬಾ. ರೋಗವಿಲ್ಲ.
ದಿನಗೂಲಿಗೆ ಬಂದವಳು. ಒಂದು ಹೊತ್ತಿನ ಅನ್ನ,
ಮರಗೆಣಸಿನ ಸೊಪ್ಪಿನ ಸಾರು, ಮನೆಗೊಯ್ಯಲು ಒಂದು ಸೋಪು.
ಮನ್ರೋವಿಯಾದಿಂದ ಬಂದ ಮೇಡಂ ಹೇಳಿಕೊಟ್ಟರು:
ಮೂರು ದಿನದಿಂದ ಜ್ವರ ಅನ್ನು,
ಬಾಯಲ್ಲಿ ಈ ಕೆಂಪು ನೀರಿಟ್ಟುಕೋ, ಸನ್ನೆ ಮಾಡಿದಾಗ ಉಗಿ.
ಪುಂಡಿಹೂವಿನ ಶರಬತ್ತು ಅದು.
ಕುಂಬಾ ಮುಖ ಕಿವುಚಿದಳು: ಸಕ್ಕರೆ ಮರೆತಿದ್ದೀರಿ.
ಎಲ್ಲರೂ ನಕ್ಕೆವು.
ನಗು ಹೊಳೆಯ ಮೇಲೆ ತುಸು ದೂರ ಹೋಗಿ ನಿಂತಿತು.

ನಾನು ಉಗ್ರಾಣದವನು. ಎಣಿಸುವುದು ನನ್ನ ಕೆಲಸ.
ಕೈಗವಸು ನಾನೂರು ಜೊತೆ, ಹಳದಿ ಅಂಗಿ ಅರವತ್ತು,
ಕ್ಲೋರಿನ್ ಪುಡಿ ಎಂಟು ಡಬ್ಬ, ಅದರಲ್ಲಿ ಮೂರು ಗಟ್ಟಿ ಕಟ್ಟಿವೆ,
ಶವದ ಚೀಲ ಹನ್ನೆರಡು.
ತಿಂಗಳ ಕೊನೆಗೆ ಮತ್ತೆ ಎಣಿಸುತ್ತೇನೆ.
ಹನ್ನೆರಡೇ ಇದ್ದರೆ
ಆ ತಿಂಗಳು ಸುಗ್ಗಿ.

ಗೋಡೆಯ ಮೇಲೆ ತುರ್ತಿಗೆಂದು ಐದು ನಂಬರು.
ಮೊದಲನೆಯದು ಸ್ವಿಚ್ಚಾಫ್.
ಎರಡನೆಯವನು ಗದ್ದೆಯಲ್ಲಿ, ಫೋನು ಹೆಂಡತಿಯ ಹತ್ತಿರ.
ಮೂರನೆಯದು ರಿಂಗಾಯಿತು.
ಹುಡುಗಿಯೊಬ್ಬಳು ಎತ್ತಿದಳು: ಅಪ್ಪ ಇಲ್ಲ.
ಎಷ್ಟೊತ್ತಿಗೆ ಬರ್ತಾರೆ? ಮೇಡಂ ಕೇಳಿದರು, ಗಡಿಯಾರ ನೋಡುತ್ತ.
ಊರಿನವರು ನಾವು ನೆಲ ನೋಡಿದೆವು.
ಆಂಬ್ಯುಲೆನ್ಸಿನ ಸಾ ಫಲ್ಲಾ ಆ ವರ್ಷವೇ ಹೋದ.
ಮಗಳು ತಿಂಗಳು ತಿಂಗಳು ದುಡ್ಡು ಹಾಕಿ ಸಿಮ್ ಉಳಿಸಿಕೊಂಡಿದ್ದಾಳೆ,
ಗೋಡೆಯ ಮೇಲೆ ಅವನಿನ್ನೂ ಕರ್ತವ್ಯದಲ್ಲಿದ್ದಾನೆ.

ಹತ್ತೂಕಾಲಿಗೆ, ಕೈಗವಸು!
ಓಡಿದೆ. ಬೀಗದ ಕೈ ಕೊರಳ ದಾರದಲ್ಲೇ.
ಎರಡು ನಿಮಿಷ. ಮೇಡಂ 'ಉತ್ತಮ' ಅಂತ ಬರೆದರು.

ಆ ವರ್ಷವೂ ಕೈಗವಸು ಇದ್ದವು.
ಇದೇ ಬಾಗಿಲು, ಇದೇ ಬೀಗ.
ಮೇಲಿನ ಕಚೇರಿಯ ಸಹಿ ಬರಲಿ ಅಂದೆ ನಾನು.
ಸಹಿ ಮೂರು ದಿನ ಕೆಸರಲ್ಲಿ ಹೂತುಕೊಂಡಿತು.
ಆ ಮೂರು ದಿನ ನರ್ಸುಗಳು
ಬ್ರೆಡ್ಡಿನ ಚೀಲ ಕೈಗೆ ಕಟ್ಟಿಕೊಂಡು ಮೈ ಒರೆಸಿದರು.
ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಅಂತ ಆಡಿಕೊಳ್ಳುತ್ತಾರಲ್ಲ, ಹಾಗಲ್ಲ.
ಬಾವಿ ಮೊದಲೇ ಇತ್ತು. ನೀರೂ ಇತ್ತು.
ಹಗ್ಗ ನನ್ನ ಹತ್ತಿರ ಇತ್ತು.

ಹನ್ನೊಂದು ನಲವತ್ತಕ್ಕೆ ರೋಗಿ ಸಾಯತಕ್ಕದ್ದು,
ಹೂಳುವ ತಂಡಕ್ಕೆ ಪರೀಕ್ಷೆ.
ಕುಂಬಾ ಎದ್ದು ಕೂತಳು. ಸಾಯಲ್ಲ ನಾನು.
ಸುಮ್ಮನೆ ಕಣ್ಣು ಮುಚ್ಚಮ್ಮ, ಹತ್ತೇ ನಿಮಿಷ.
ನಮ್ಮಕ್ಕ ಸಿಯಾ ಕಣ್ಣು ಮುಚ್ಚಿದ್ದು ಇದೇ ಮಂಚದಲ್ಲಿ.
ಅವಳನ್ನು ಯಾರೂ ಕೇಳಲಿಲ್ಲ.
ನನ್ನನ್ನು ಕೇಳ್ತಿದೀರಿ. ಒಲ್ಲೆ.

ಹಳದಿ ಅಂಗಿಯೊಳಗೆ ನರ್ಸ್ ಫಾಯಿಯಾ ಅಲುಗಲಿಲ್ಲ,
ಕನ್ನಡಕದ ತುಂಬ ಆವಿ.
ಮೇಡಂ ಕಾಗದ ತಿರುಗಿಸಿದರು, ಮತ್ತೆ ತಿರುಗಿಸಿದರು.
ರೋಗಿ ಒಪ್ಪದಿದ್ದರೆ ಏನು ಅಂತ ಎಲ್ಲೂ ಬರೆದಿರಲಿಲ್ಲ.

ಹನ್ನೆರಡರಲ್ಲಿ ಒಂದು ತಂದೆ.
ಬೀಗದ ಕೈ ಬಿಚ್ಚಿ ಕುಂಬಾಳ ಕೈಗಿಟ್ಟು
ನಾನೇ ಮಲಗಿದೆ.
ಜಿಪ್ಪು ಕಾಲಿನಿಂದ ಹೊರಟು ಗದ್ದದವರೆಗೆ ಬಂತು,
ಅಲ್ಲಿ ತಡೆದು, ಆಮೇಲೆ ಪೂರ್ತಿ.
ಹೊಸ ಪ್ಲಾಸ್ಟಿಕ್ಕಿನ ವಾಸನೆ. ಮೇಲೆ ಕ್ಲೋರಿನ್ನಿನ ಹನಿ,
ಪಟಪಟ, ತಗಡಿನ ಮಾಡಿನ ಕೆಳಗೆ ಮಲಗಿದ ಹಾಗೆ.
ನಾಲ್ಕು ಜನ ಎತ್ತಿದರು. ಒಬ್ಬನ ಮೂಲೆ ಜಗ್ಗುತ್ತಿತ್ತು.
ಎಣಿಸಲು ನೋಡಿದೆ, ಮೂವತ್ತರ ಮೇಲೆ ಲೆಕ್ಕ ತಪ್ಪಿತು.

ತೆಗೆದಾಗ ಬಿಸಿಲು ಮುಖಕ್ಕೆ ರಾಚಿತು.
ಕುಂಬಾ ಮಂಚದ ಅಂಚಲ್ಲಿ ಕೂತು
ಉಳಿದ ಶರಬತ್ತಿಗೆ ಎಲ್ಲಿಂದಲೋ ಸಕ್ಕರೆ ತರಿಸಿ ಕುಡಿಯುತ್ತಿದ್ದಳು.
ದಾರ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಕೇಳಿದಳು:
ಇಷ್ಟು ದೊಡ್ಡ ಬೀಗಕ್ಕೆ
ಒಂದೇ ಕೈಯಾ?

ಹೌದು ಅನ್ನಹೋದೆ.
ಗಂಟಲಲ್ಲಿ ಕ್ಲೋರಿನ್.